ಸಿಪಾಯಿಯ ಮದುವೆ ಊರ್ಜಿತವಲ್ಲದಿದ್ದರೆ ಸಂಸಾರಕ್ಕೆ ಆಧಾರವೇನು?



ಸೈನ್ಯದಲ್ಲಿರುವ ವರನಿಗೆ ಹೆಣ್ಣು ಕೊಡುವಾಗ ನಾವು ಹೊಲ, ಮನೆ, ಸಂಬಳಗಳನ್ನು ವಿಚಾರಿಸುತ್ತೇವೆ. ಆತನಿಗೆ ಮೊದಲೇ ಮದುವೆಯಾಗಿತ್ತೆಂದು ತಿಳಿದರೆ, "ಅವಳನ್ನು ಬಿಟ್ಟಾಗಿದೆ" ಎಂಬ ಬಾಯಿಮಾತನ್ನೇ ನಂಬುವವರುಂಟು. ಇದರಿಂದ ಒದಗುವ ಕಷ್ಟವನ್ನೂ ಅದಕ್ಕಿರುವ ಪರಿಹಾರವನ್ನೂ ತಾವು ತಿಳಿದಿರಬೇಕು.

೧೯೫೫ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ, ಮೊದಲ ಹೆಂಡತಿ ಬದುಕಿದ್ದು ವಿಚ್ಛೇದನವಾಗದಿರುವಾಗ ಮಾಡಿಕೊಂಡ ಎರಡನೆಯ ಮದುವೆ ಊರ್ಜಿತವಲ್ಲ. ದೇವಸ್ಥಾನದಲ್ಲಿ ತಾಳಿ ಕಟ್ಟಿದರೂ, ಹತ್ತು ವರ್ಷ ಸಂಸಾರ ನಡೆಸಿದರೂ ಅಷ್ಟೆ. ಪಂಚರು ಛಾಪಾ ಕಾಗದದ ಮೇಲೆ ಬರೆಸಿದ ಬಿಡುಗಡೆ ಪತ್ರವೂ, ಆ ಜನಾಂಗದಲ್ಲಿ ಅಂಥ ರೂಢಿ ಹಿಂದಿನಿಂದ ಇದೆಯೆಂದು ರುಜುವಾತಾಗದ ಹೊರತು, ನಿಲ್ಲುವುದಿಲ್ಲ. ಸಿಪಾಯಿ ತೀರಿಕೊಂಡರೆ ವಿಧವೆಯ ಪಿಂಚಣಿ ಕಾನೂನುಬದ್ಧ ಹೆಂಡತಿಗೇ ಸಲ್ಲುತ್ತದೆ. ಎರಡನೆಯವಳಿಗೆ ಆ ಹಕ್ಕಿಲ್ಲ.

ಮಕ್ಕಳ ಮಾತು ಬೇರೆ. ಹಿರಿಯರ ತಪ್ಪಿಗೆ ಮಕ್ಕಳು ಹೊಣೆಯಲ್ಲ. ಅದೇ ಕಾಯ್ದೆಯ ೧೬ನೆಯ ಕಲಮು ಅವರನ್ನು ಸಕ್ರಮ ಸಂತಾನವೆಂದೇ ಎಣಿಸುತ್ತದೆ. ೨೦೦೦ರಲ್ಲಿ ಬಿಹಾರದ ಸರ್ಕಾರಿ ನೌಕರನೊಬ್ಬನ ಮೊಕದ್ದಮೆಯಲ್ಲಿ, ಇಂಥ ಮಕ್ಕಳಿಗೂ ಕುಟುಂಬ ಪಿಂಚಣಿಯಲ್ಲಿ ಪಾಲುಂಟೆಂದು ಸುಪ್ರೀಂ ಕೋರ್ಟು ಹೇಳಿತು. ೨೦೨೩ರಲ್ಲಿ, ನಮ್ಮ ಕರ್ನಾಟಕದಿಂದ ಹೋದ ಮೊಕದ್ದಮೆಯಲ್ಲಿ, ಒಟ್ಟು ಕುಟುಂಬದ ಆಸ್ತಿಯಲ್ಲಿ ತಂದೆಗೆ ಬರುವ ಪಾಲಿನಲ್ಲಿ ಅವರಿಗೂ ಹಕ್ಕಿದೆಯೆಂದು ತೀರ್ಪಾಯಿತು.

ಸಿಪಾಯಿ ಬದುಕಿದ್ದೂ ಸಂಸಾರಕ್ಕೆ ಹಣ ಕಳಿಸದಿದ್ದರೆ ಎರಡು ದಾರಿಗಳಿವೆ. ಒಂದು, ಆತನ ಪಡೆಯ ಮೇಲಧಿಕಾರಿಗೆ ಅರ್ಜಿ ಬರೆಯುವುದು. ೧೯೫೦ರ ಸೈನ್ಯ ಕಾಯ್ದೆಯಂತೆ ಹೆಂಡತಿಯ ಪೋಷಣೆಗೂ, ಮದುವೆ ಊರ್ಜಿತವಿರಲಿ ಇಲ್ಲದಿರಲಿ ಮಗುವಿನ ಪೋಷಣೆಗೂ, ಆತನ ಸಂಬಳದಿಂದ ಹಣ ಮುರಿದುಕೊಡಿಸಬಹುದು. ಇನ್ನೊಂದು, ಮ್ಯಾಜಿಸ್ಟ್ರೇಟರಲ್ಲಿ ಅಥವಾ ಕುಟುಂಬ ನ್ಯಾಯಾಲಯದಲ್ಲಿ ಜೀವನಾಂಶ ಕೇಳುವುದು. ೨೦೨೪ರ ಜುಲೈ ೧ರಿಂದ ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೪೪ನೆಯ ಕಲಮಿನಡಿ ಬರುತ್ತದೆ. ಮೊದಲ ಮದುವೆಯನ್ನು ಮುಚ್ಚಿಟ್ಟು ಮೋಸ ಮಾಡಿದ್ದರೆ, ಆ ಹೆಂಗಸೂ ಜೀವನಾಂಶ ಕೇಳಬಹುದೆಂದು ೨೦೧೩ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ.

ಹಣದ ಅಡಚಣೆಯೆಂದು ಸುಮ್ಮನಿರಬೇಡಿ. ಹೆಂಗಸರಿಗೂ ಮಕ್ಕಳಿಗೂ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಪುಕ್ಕಟೆ ವಕೀಲರು ಸಿಗುತ್ತಾರೆ. ಮಗುವಿನ ಜನನ ಪತ್ರದಲ್ಲಿ ತಂದೆಯ ಹೆಸರು ಸರಿಯಾಗಿರಲಿ. ಆತನ ಸೈನ್ಯದ ನಂಬರು, ರೆಜಿಮೆಂಟಿನ ಹೆಸರು ಬರೆದಿಟ್ಟುಕೊಳ್ಳಿ. ಇವಿಲ್ಲದೆ ಅರ್ಜಿ ಮುಂದೆ ಸಾಗುವುದು ಕಷ್ಟ.

ಎಲ್ಲಕ್ಕಿಂತ ಮೇಲಾದುದು ಮುಂಜಾಗ್ರತೆ. ವಿಚ್ಛೇದನವಾಗಿದೆ ಎಂದರೆ ಕೋರ್ಟಿನ ಡಿಕ್ರಿಯನ್ನು ಕಣ್ಣಾರೆ ನೋಡಿ. ಮದುವೆಯನ್ನು ತಪ್ಪದೆ ನೋಂದಾಯಿಸಿ. ಲಗ್ನಪತ್ರಿಕೆ ಬರೆಸುವ ಮೊದಲು ಕೇಳುವ ಒಂದು ಮಾತು, ಮಗಳ ಬಾಳನ್ನೇ ಉಳಿಸೀತು.