ಚಿನ್ನದ ಹಟ್ಟಿಯಿಂದ ಅಶೋಕನ ಮಸ್ಕಿಗೆ

ಕನ್ನಡನಾಡಿನ ಪ್ರವಾಸವೆಂದೊಡನೆ ನಮ್ಮ ಮನಸ್ಸು ಜೋಗದ ಜಲಧಾರೆಯ ಕಡೆಗೋ ಬೇಲೂರು-ಹಳೆಯಬೀಡುಗಳ ಶಿಲ್ಪದ ಕಡೆಗೋ ಹೆಚ್ಚೆಂದರೆ ಹಂಪೆಯ ಕಡೆಗೋ ಓಡುತ್ತದೆ. ಕೃಷ್ಣೆ-ತುಂಗಭದ್ರೆಗಳ ನಡುವಣ ಎಡೆದೊರೆನಾಡನ್ನು ನೋಡಬೇಕೆಂದು ಮನೆಬಿಟ್ಟು ಹೊರಡುವವರು ವಿರಳ. ಕೇಳಿದರೆ, "ಅಲ್ಲೇನಿದೆ? ಬಿಸಿಲು, ಬಂಡೆ, ಜಾಲಿಯ ಮುಳ್ಳು" ಎಂಬ ಉತ್ತರ ಸಿದ್ಧವಾಗಿರುತ್ತದೆ. ಬಿಸಿಲು, ಬಂಡೆ, ಮುಳ್ಳು ಮೂರೂ ಅಲ್ಲಿರುವುದು ನಿಜವೇ. ಆದರೆ ಆ ಬಂಡೆಯ ಹೊಟ್ಟೆಯಲ್ಲಿ ಚಿನ್ನವಿದೆ, ಅದರ ಮೈಮೇಲೆ ಒಬ್ಬ ಚಕ್ರವರ್ತಿಯ ಹೆಸರಿದೆ, ಅದರ ನೆರಳಿನಲ್ಲಿ ಚಿಗರಿಯೂ ನವಿಲೂ ತೋಳವೂ ಬದುಕಿವೆ. ಇವೆಲ್ಲವನ್ನೂ ಒಂದೇ ದಾರಿಯಲ್ಲಿ, ಒಂದೆರಡು ದಿನಗಳ ಪಯಣದಲ್ಲಿ ಕಾಣಬಹುದೆಂದರೆ ಎಷ್ಟೋ ಜನ ನಂಬಲಾರರು.

ಮಾಘಮಾಸದ ಹಿತವಾದ ಬಿಸಿಲಿನಲ್ಲಿ ಸ್ನಾತಕೋತ್ತರ ತರಗತಿಯ ಹತ್ತು-ಹನ್ನೆರಡು ವಿದ್ಯಾರ್ಥಿಗಳೊಡನೆ ನಾನು ಈ ದಾರಿಯನ್ನು ಕ್ರಮಿಸಿದೆ. ನಮಗೆ ದಾರಿ ತೋರಿದವರು ಹಟ್ಟಿಯ ಗಣಿಯಲ್ಲಿ ಬಹುಕಾಲ ದುಡಿದು ನಿವೃತ್ತರಾದ ಒಬ್ಬ ಹಿರಿಯರು. ವಿದ್ಯಾರ್ಥಿಗಳು ಮೊದಲ ಗಳಿಗೆಯಿಂದಲೇ ಅವರನ್ನು 'ಕಾಕಾ' ಎಂದು ಕರೆಯತೊಡಗಿದರು. ಅವರೂ ಆ ಪದವಿಯನ್ನು ಸಂತೋಷದಿಂದ ಒಪ್ಪಿಕೊಂಡರು.

ಹಟ್ಟಿ ಲಿಂಗಸುಗೂರು ತಾಲೂಕಿನ ಊರು. ಕನ್ನಡದಲ್ಲಿ ಹಟ್ಟಿಯೆಂದರೆ ದನಕುರಿಗಳ ದೊಡ್ಡಿ, ಗೊಲ್ಲರ ಕುರುಬರ ನೆಲೆ. ಈ ಊರಿನ ಹೆಸರಿಗೂ ಅದೇ ಮೂಲವೆಂದು ಸಾಧಿಸುವ ಹಟ ನನಗಿಲ್ಲ. ಆದರೂ ದೇಶದ ಚಿನ್ನದ ಗಣಿಗಳಲ್ಲಿ ಅಗ್ರಸ್ಥಾನದಲ್ಲಿರುವ ಊರಿಗೆ ಕುರಿಗಾಹಿಯ ಮಾತಿನ ಹೆಸರಿರುವುದು ಚೆಲುವಾದ ಸಂಗತಿ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಹಟ್ಟಿಯ ಗಣಿ ಇಂದಿಗೂ ನಡೆಯುತ್ತಿದೆ. ನಿಜಾಮರ ಕಾಲದಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ಒಂದು ಕಂಪೆನಿ ಇಲ್ಲಿ ಕೆಲಸ ನಡೆಸಿ ಕೈಬಿಟ್ಟಿತ್ತು. 1947ರಲ್ಲಿ ಹೈದರಾಬಾದು ಚಿನ್ನದ ಗಣಿ ಕಂಪೆನಿ ಸ್ಥಾಪಿತವಾಯಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಜಿಲ್ಲೆಯೊಡನೆ ಗಣಿಯೂ ಮೈಸೂರು ರಾಜ್ಯಕ್ಕೆ ಬಂದಿತು.

ಆದರೆ ಈ ಕಂಪೆನಿಗಳೆಲ್ಲ ನಿನ್ನೆ ಮೊನ್ನೆಯವು. ಹೊಸ ಗಣಿಗಾರರು ನೆಲವನ್ನು ಅಗೆದಾಗ ತಮಗಿಂತ ಮೊದಲು ಅಗೆದವರ ಸುರಂಗಗಳನ್ನು ಕಂಡು ಬೆರಗಾದರು. ಹಟ್ಟಿಯ ಹಳೆಯ ಕೆಲಸ ಸುಮಾರು 640 ಅಡಿ ಆಳಕ್ಕೆ ಇಳಿದಿತ್ತು. ಅಲ್ಲಿ ಸಿಕ್ಕ ಮರದ ತುಂಡುಗಳನ್ನು ಇಂಗಾಲದ ಕಾಲಮಾಪನಕ್ಕೆ ಒಳಪಡಿಸಿದಾಗ ಅವು ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯವೆಂದು ತಿಳಿಯಿತು. ಸಿಡಿಮದ್ದಿಲ್ಲ, ಯಂತ್ರವಿಲ್ಲ. ಬಂಡೆಯ ಬುಡದಲ್ಲಿ ಬೆಂಕಿಯೊಟ್ಟಿ ಕಾಯಿಸಿ, ಬಿರುಕುಬಿಟ್ಟ ಕಲ್ಲನ್ನು ಒಡೆದು, ಮೇಲಕ್ಕೆ ಹೊತ್ತು, ಬೀಸಿ ತೊಳೆದು ಚಿನ್ನದ ಕಣವನ್ನು ಬೇರ್ಪಡಿಸಬೇಕಾಗಿತ್ತು. ಆ ಹೊಗೆಯಲ್ಲಿ ಉಸಿರುಗಟ್ಟಿ ದುಡಿದವರಾರು, ಯಾರಿಗಾಗಿ ದುಡಿದರು? ಅವರಲ್ಲಿ ಒಬ್ಬನ ಹೆಸರೂ ಉಳಿದಿಲ್ಲ.

ಗಣಿಯ ಹೊರಗೆ ಬೂದುಬಣ್ಣದ ಪುಡಿಯ ದಿಬ್ಬಗಳನ್ನು ತೋರಿಸುತ್ತ ಕಾಕಾ ಹೇಳಿದರು: "ಒಂದು ಟನ್ನು ಕಲ್ಲು ಪುಡಿ ಮಾಡಿದ್ರ ಎರಡೋ ಮೂರೋ ಗ್ರಾಂ ಬಂಗಾರ ಬರ್ತದ್ರಿ ಸರ. ಉಳಿದದ್ದೆಲ್ಲಾ ನೋಡ್ರಿ, ಅಲ್ಲಿ ಗುಡ್ಡ ಆಗಿ ಕುಂತದ." ವಿದ್ಯಾರ್ಥಿನಿಯೊಬ್ಬಳು ತನ್ನ ಕಿವಿಯ ಓಲೆಯನ್ನು ಮುಟ್ಟಿ ನೋಡಿಕೊಂಡಳು. ಅರ್ಥಶಾಸ್ತ್ರದ ಯಾವ ಪಾಠವೂ ಅಷ್ಟು ಬೇಗನೆ ತಲೆಗೆ ಹತ್ತದು.

ಹಟ್ಟಿಯಿಂದ ಲಿಂಗಸುಗೂರಿಗೆ ಹೋಗುವಾಗ ಗುರುಗುಂಟಾ ಸಿಗುತ್ತದೆ. ಅದರ ಬಳಿಯಲ್ಲಿ ಅಮರೇಶ್ವರ ಕ್ಷೇತ್ರ. ಆಯ್ದಕ್ಕಿ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ ದಂಪತಿಗಳು ಈ ಊರಿನವರೆಂದು ಪ್ರತೀತಿ. ಕಲ್ಯಾಣದಲ್ಲಿ ಅಂಗಳಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಇಷ್ಟು ನಮಗೇಕೆ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಅವನನ್ನು ಮರಳಿ ಕಳುಹಿಸಿದಳೆಂಬ ಕಥೆ ಕನ್ನಡಿಗರೆಲ್ಲರಿಗೂ ಪರಿಚಿತ. ನಾನದನ್ನು ತರಗತಿಯಲ್ಲಿ ಅನೇಕ ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಚಿನ್ನದ ಗಣಿಯಿಂದ ಹೊರಟ ಕೆಲವೇ ನಿಮಿಷಗಳಲ್ಲಿ ಲಕ್ಕಮ್ಮನ ಊರನ್ನು ಕಂಡಾಗ ಆ ಕಥೆಗೆ ಬರುವ ಅರ್ಥವೇ ಬೇರೆ. ಪುಡಿಚಿನ್ನಕ್ಕಾಗಿ ಪಾತಾಳವನ್ನು ಬಗೆದ ನೆಲದಲ್ಲಿಯೇ, ಒಂದು ಹಿಡಿ ಅಕ್ಕಿ ಹೆಚ್ಚಾಯಿತೆಂದು ಹಿಂದಿರುಗಿಸಿದ ಹೆಣ್ಣುಮಗಳು ಹುಟ್ಟಿದಳು.

ಲಿಂಗಸುಗೂರು ಒಂದು ಕಾಲಕ್ಕೆ ಹೈದರಾಬಾದು ಸಂಸ್ಥಾನದ ದಂಡಿನ ಠಾಣೆ. 1905ರವರೆಗೆ ಜಿಲ್ಲೆಯ ಮುಖ್ಯಸ್ಥಳವೂ ಆಗಿತ್ತು. ಅಲ್ಲಿಂದ ನೈರುತ್ಯಕ್ಕೆ ತಿರುಗಿದರೆ ಮುದಗಲ್ಲಿನ ಕೋಟೆ. ಬಹಮನಿಗಳೂ ವಿಜಯನಗರದವರೂ ಆದಿಲಶಾಹಿಗಳೂ ಈ ಎಡೆದೊರೆಗಾಗಿ ಇನ್ನೂರು ವರ್ಷಗಳಿಗೂ ಮಿಕ್ಕಿ ಬಡಿದಾಡಿದರು. 1406ರಲ್ಲಿ ಫಿರೋಜ ಶಹನಿಗೂ ದೇವರಾಯನಿಗೂ ನಡೆದ ಯುದ್ಧಕ್ಕೆ ಮುದಗಲ್ಲಿನ ಅಕ್ಕಸಾಲಿಗನ ಮಗಳೊಬ್ಬಳು ಕಾರಣಳೆಂದು ಫೆರಿಸ್ತಾ ಬರೆದಿದ್ದಾನೆ. ಕಥೆಯ ಸತ್ಯಾಸತ್ಯ ಹೇಗೂ ಇರಲಿ, ಇಲ್ಲಿಯೂ ಚಿನ್ನದ ಮಾತು ಹೊಕ್ಕಿರುವುದನ್ನು ಗಮನಿಸಬೇಕು. ಕಾದಿದವರ ವೈರವನ್ನು ಊರಿನವರು ಮರೆತು ಬಹುಕಾಲವಾಯಿತು. ಮುದಗಲ್ಲಿನ ಮೊಹರಮಿಗೆ ಹಿಂದೂ ಮುಸಲ್ಮಾನರಿಬ್ಬರೂ ಕೂಡಿ ನೆರೆಯುತ್ತಾರೆ.

ಮುದಗಲ್ಲಿಗೆ ಸಮೀಪದಲ್ಲಿಯೇ ಪಿಕ್ಲಿಹಾಳವಿದೆ. 1952ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಇಲ್ಲಿ ಉತ್ಖನನ ನಡೆಸಿ ನವಶಿಲಾಯುಗದ ದನಗಾಹಿಗಳ ನೆಲೆಯನ್ನು ಬೆಳಕಿಗೆ ತಂದರು. ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಗೂಳಿಗಳಿವೆ. ಏರುಹಿಣಿಲಿನ, ನೀಳಕೊಂಬಿನ ಆ ಗೂಳಿಗಳನ್ನು ಕಂಡರೆ ಹಳ್ಳಿಯ ಸಂತೆಯಲ್ಲಿ ಕಂಡಂತೆಯೇ ಇರುತ್ತದೆ. ನಾವು ನೋಡುತ್ತಿದ್ದ ಬಂಡೆಯ ಕೆಳಗಡೆಯೇ ಕುರಿಹಿಂಡೊಂದು ಸಾಗುತ್ತಿತ್ತು. ಹೆಗಲ ಮೇಲೆ ಕಂಬಳಿ ಹೊದ್ದ ಕುರಿಗಾಹಿಯನ್ನು ಕಾಕಾ ಮಾತಿಗೆಳೆದರು. ತೋಳದ ಕಾಟವಿದೆಯೇ ಎಂದು ಹುಡುಗರು ಕೇಳಿದರು. "ಅದಾವಪ್ಪಾ, ಇಲ್ಲದ ಎಲ್ಲಿ ಹೋಗ್ತಾವ? ವರ್ಷಕ್ಕ ಒಂದೆರಡು ಮರಿ ಅವುಕ್ಕ ಹೋಗೂದ. ಅವುರ ಪಾಲು ಅಂತ ಬಿಟ್ಟೀವಿ" ಎಂದು ಅವನು ಯಾವ ಆವೇಶವೂ ಇಲ್ಲದೆ ಉತ್ತರಿಸಿದ. ನೆರೆಯ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಇಂದು ತೋಳಗಳಿಗೆಂದೇ ಒಂದು ಧಾಮ ಏರ್ಪಟ್ಟಿದೆ. ಹಂಪೆಯ ಬಳಿಯ ದರೋಜಿಯಲ್ಲಿ 1994ರಲ್ಲಿಯೇ ಕರಡಿಧಾಮ ರೂಪುಗೊಂಡಿತು. ಆದರೆ ಧಾಮಗಳೆಂಬ ಮಾತು ಹುಟ್ಟುವ ಮೊದಲೇ ಈ ಕುರಿಗಾಹಿಯ ಪೂರ್ವಿಕರು ತೋಳಕ್ಕೊಂದು ಪಾಲನ್ನು ಬಿಟ್ಟಿದ್ದರು.

ಅಲ್ಲಿಂದ ಪೂರ್ವಕ್ಕೆ ಮಸ್ಕಿಯ ದಾರಿ ಹಿಡಿದೆವು. ಒಂದೆಡೆ ಕೆಂಪು ಮಸಾರಿ, ಒಂದೆಡೆ ಕಪ್ಪು ಎರೆ. ಬದುವಿನಲ್ಲಿ ಬೇವು, ತಂಗಡಿ. ಕಾಲಿಟ್ಟಲ್ಲೆಲ್ಲ ಬಳ್ಳಾರಿ ಜಾಲಿ. ಈ ಜಾಲಿ ಹೊರದೇಶದಿಂದ ಬಂದು ಹುಲ್ಲುಗಾವಲನ್ನೆಲ್ಲ ನುಂಗುತ್ತಿರುವ ಗಿಡ. ಕೊಯ್ಲು ಮುಗಿದ ಹೊಲವೊಂದರ ಅಂಚಿನಲ್ಲಿ ಕಾಕಾ ವಾಹನವನ್ನು ನಿಲ್ಲಿಸಿ ಕೈಸನ್ನೆ ಮಾಡಿದರು. ಚಿಗರಿಗಳ ಹಿಂಡು! ಶಿಷ್ಟ ಕನ್ನಡದಲ್ಲಿ ನಾವು ಕೃಷ್ಣಮೃಗವೆನ್ನುವುದನ್ನು ಈ ನಾಡು ಚಿಗರಿಯೆನ್ನುತ್ತದೆ. ಕಪ್ಪು ಮೈಯ, ತಿರುಚುಕೊಂಬಿನ ಗಂಡೊಂದು ತಲೆಯೆತ್ತಿ ನಮ್ಮನ್ನು ನೋಡಿತು. ಮರುಕ್ಷಣದಲ್ಲಿ ಇಡೀ ಹಿಂಡು ಚೆಂಡು ಪುಟಿದಂತೆ ನೆಗೆಯುತ್ತ ಬಯಲಿನ ಆಚೆಯ ಅಂಚನ್ನು ಮುಟ್ಟಿತ್ತು. 1972ರ ವನ್ಯಜೀವಿ ಕಾಯಿದೆಯ ರಕ್ಷಣೆ ಇವಕ್ಕುಂಟು. ಆದರೆ ಬೆಳೆಯುವ ಪೈರಿಗೆ ಹಿಂಡು ನುಗ್ಗಿದಾಗ ಒಕ್ಕಲಿಗನಿಗಾಗುವ ನಷ್ಟವೂ ಸುಳ್ಳಲ್ಲ. ಪೇಟೆಯಲ್ಲಿ ಕುಳಿತು ಚಿಗರಿಯ ಚೆಲುವನ್ನು ಹೊಗಳುವವರು ಆ ನಷ್ಟದ ಪಾಲನ್ನು ಹೊರುವವರಲ್ಲ ಎಂಬುದನ್ನು ಮರೆಯಬಾರದು.

ಮಸ್ಕಿಯಲ್ಲಿ ಬೆಟ್ಟದ ಮೇಲೆ ಮಲ್ಲಿಕಾರ್ಜುನನ ಗುಡಿ, ಬೆಟ್ಟದ ಬಂಡೆಯೊಂದರ ಮೇಲೆ ಅಶೋಕನ ಶಾಸನ. ಶಾಸನಗಳ ಮೊಸಂಗಿ ಇದೇ ಊರು. ಚಾಲುಕ್ಯ ಜಯಸಿಂಹನೂ ರಾಜೇಂದ್ರ ಚೋಳನೂ ಹೋರಾಡಿದ ಮುಸಂಗಿಯೂ ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಭೂವಿಜ್ಞಾನಿ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇಲ್ಲಿಯ ಪ್ರಾಚೀನ ಅವಶೇಷಗಳನ್ನು ಗಮನಿಸಿದ್ದರು, 1954ರಲ್ಲಿ ಬಿ. ಕೆ. ಥಾಪರ್ ಉತ್ಖನನ ನಡೆಸಿ ನವಶಿಲಾಯುಗದಿಂದ ಐತಿಹಾಸಿಕ ಕಾಲದವರೆಗಿನ ಬದುಕಿನ ಪದರಗಳನ್ನು ಗುರುತಿಸಿದರು. ಆದರೆ ಮಸ್ಕಿಗೆ ಜಗತ್ತಿನ ಚರಿತ್ರೆಯಲ್ಲಿ ಸ್ಥಾನ ದೊರೆತದ್ದು 1915ರಲ್ಲಿ. ನಿಜಾಮರ ಸರಕಾರದ ಗಣಿ ಇಂಜಿನಿಯರ್ ಸಿ. ಬೀಡನ್ ಚಿನ್ನವನ್ನು ಹುಡುಕುತ್ತ ಬಂದು ಈ ಅಕ್ಷರಗಳನ್ನು ಕಂಡರು. ಅದನ್ನು ಓದಿ ಪ್ರಕಟಿಸಿದವರು ನಮ್ಮವರೇ ಆದ ಹೊಸಕೋಟೆ ಕೃಷ್ಣಶಾಸ್ತ್ರಿಗಳು.

ಆ ಓದಿನ ಮಹತ್ವವನ್ನು ಸ್ವಲ್ಪ ವಿವರಿಸಬೇಕು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀಲಿಪಿಯ ಒಗಟನ್ನು ಬಿಡಿಸಿದಾಗ ದೇಶದ ಉದ್ದಗಲದ ಬಂಡೆ-ಕಂಬಗಳಲ್ಲಿ 'ದೇವಾನಾಂಪ್ರಿಯ ಪ್ರಿಯದರ್ಶಿ' ಎಂಬ ರಾಜನೊಬ್ಬ ಮಾತನಾಡತೊಡಗಿದ. ಈತನಾರು? ಸಿಂಹಳದ ಗ್ರಂಥಗಳ ಆಧಾರದಿಂದ ಈತನೇ ಮೌರ್ಯ ಅಶೋಕನೆಂದು ವಿದ್ವಾಂಸರು ತರ್ಕಿಸಿದರು. ಆದರೆ ಶಾಸನದಲ್ಲಿಯೇ ಆ ಹೆಸರು ಕಂಡಿರಲಿಲ್ಲ. ಮಸ್ಕಿಯ ಬಂಡೆ 'ದೇವಾನಂಪಿಯಸ ಅಸೋಕಸ' ಎಂದು ಸ್ಪಷ್ಟವಾಗಿ ಹೇಳಿತು. ಮುಂದೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೊಳಗಳಲ್ಲಿಯೂ ಹೆಸರು ದೊರೆಯಿತು. ಮೊದಲ ಸಾಕ್ಷಿಯ ಗೌರವ ಮಾತ್ರ ಮಸ್ಕಿಯದು. ಚಿನ್ನವನ್ನು ಅರಸಿ ಬಂದವನಿಗೆ ಅರಸನ ಹೆಸರು ಸಿಕ್ಕಿತು!

ಹೆಸರಿಗಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಶಾಸನದ ಮಾತು. ಧರ್ಮದಲ್ಲಿ ಆಸಕ್ತಿಯಿಂದ ತೊಡಗಿದರೆ ಅಲ್ಪನೂ ಉನ್ನತಿಯನ್ನು ಪಡೆಯಬಲ್ಲನು. ಇದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ಬಗೆಯಬಾರದು. ಸಣ್ಣವರಿಗೂ ದೊಡ್ಡವರಿಗೂ ಇದನ್ನು ತಿಳಿಸಬೇಕು, ಎಂಬುದು ಅದರ ಇಂಗಿತ. ಮೌರ್ಯರ ದಕ್ಷಿಣದ ಅಧಿಕಾರಕೇಂದ್ರವಾದ ಸುವರ್ಣಗಿರಿ ಎಲ್ಲಿತ್ತೆಂಬ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಕೆಲವರು ಮಸ್ಕಿಯೆಂದರೆ, ಕೆಲವರು ಹತ್ತಿರದ ಕನಕಗಿರಿಯೆನ್ನುತ್ತಾರೆ, ಮತ್ತೆ ಕೆಲವರು ಆಂಧ್ರದ ಜೊನ್ನಗಿರಿಯೆನ್ನುತ್ತಾರೆ. ಎಲ್ಲಿಯೇ ಇರಲಿ, ಚಿನ್ನದ ಆಸೆಯೂ ಆ ಅರಸರನ್ನು ಈ ದೂರದ ನಾಡಿಗೆ ಎಳೆದಿರಬೇಕು. ಆ ಅರಸನ ಮಾತು ಸಣ್ಣವನನ್ನು ಉದ್ದೇಶಿಸಿದೆಯೆಂಬುದೇ ಇಲ್ಲಿಯ ಸೋಜಿಗ.

ವಿದ್ಯಾರ್ಥಿಗಳಿಗೆ ನಾನು ಇನ್ನೊಂದು ಶಾಸನವನ್ನೂ ನೆನಪಿಸಿದೆ. ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿಯೂ ಇರುವ ಮೊದಲನೆಯ ಬಂಡೆಗಲ್ಲಿನ ಶಾಸನದಲ್ಲಿ ಅಶೋಕ ತನ್ನ ಅಡುಗೆಮನೆಯ ಲೆಕ್ಕವನ್ನು ಒಪ್ಪಿಸುತ್ತಾನೆ. ಹಿಂದೆ ದಿನಂಪ್ರತಿ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲುತ್ತಿದ್ದ ಆ ಅಡುಗೆಮನೆಯಲ್ಲಿ ಈಗ ಮೂರನ್ನು ಮಾತ್ರ ಕೊಲ್ಲುತ್ತಾರೆ: ಎರಡು ನವಿಲು, ಒಂದು ಜಿಂಕೆ, ಅದರಲ್ಲಿಯೂ ಜಿಂಕೆ ತಪ್ಪದೆ ಅಲ್ಲ. ಮುಂದೆ ಈ ಮೂರನ್ನೂ ಕೊಲ್ಲುವುದಿಲ್ಲ. ಬೆಟ್ಟದ ಹಿಂದಿನಿಂದ ನವಿಲಿನ ಕೂಗು ಕೇಳಿಬರುತ್ತಿದ್ದಾಗ ಈ ಮಾತನ್ನು ಹೇಳಲು ಬಹಳ ವ್ಯಾಖ್ಯಾನ ಬೇಕಾಗಲಿಲ್ಲ. ಆಯ್ದಕ್ಕಿ ಲಕ್ಕಮ್ಮ ತನ್ನ ಗುಡಿಸಲಿನಲ್ಲಿ ಸಾಕೆಂದಳು, ಅಶೋಕ ತನ್ನ ಅರಮನೆಯಲ್ಲಿ ಸಾಕೆಂದ. ಅವರಿಬ್ಬರ ನಡುವೆ ಹದಿನಾಲ್ಕು ಶತಮಾನಗಳ ಅಂತರ; ಈ ದಾರಿಯಲ್ಲಿ ಒಂದು ಗಳಿಗೆಯ ಪಯಣ.

ಮಸ್ಕಿಯಿಂದ ಸಿಂಧನೂರಿನತ್ತ ಸಾಗಿದಂತೆ ಕಣ್ಣೆದುರಿನ ಚಿತ್ರವೇ ಬದಲಾಗುತ್ತದೆ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಸಿದ್ಧವಾಗಿ, ಎಡದಂಡೆಯ ಕಾಲುವೆಯ ನೀರು ಹರಿದು, ಜೋಳ ಸಜ್ಜೆಗಳ ಸೀಮೆ ಭತ್ತದ ಗದ್ದೆಯಾಯಿತು. ಆಂಧ್ರದ ಒಕ್ಕಲಿಗರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೂ ಇದೇ ತಾಲೂಕಿನಲ್ಲಿ ನೆಲೆ ದೊರೆಯಿತು. ಹಸಿದವರಿಗೆ ಅನ್ನ ಕೊಟ್ಟ ನೀರನ್ನು ಹಳಿಯುವುದು ಕೃತಘ್ನತೆ. ಆದರೆ ಅತಿಯಾಗಿ ನಿಂತ ನೀರಿನಿಂದ ಎಷ್ಟೋ ಎರೆಹೊಲಗಳು ಸವಳಾಗಿರುವುದೂ ಕಾಲುವೆಯ ಕೊನೆಯಂಚಿನ ರೈತ ಬಾಯಾರಿ ಕುಳಿತಿರುವುದೂ ಅಷ್ಟೇ ನಿಜ. ಒಬ್ಬನಿಗೆ ಹೆಚ್ಚಾದುದೇ ಇನ್ನೊಬ್ಬನಿಗೆ ಕೊರತೆ. ಚಿಗರಿ ನೆಗೆಯುವ ಬಯಲೂ ಇಲ್ಲಿಗೆ ಮುಗಿಯುತ್ತದೆ.

ಈ ನಾಡನ್ನು ಬರಡೆನ್ನುವವರು ಒಮ್ಮೆ ಈ ದಾರಿಯಲ್ಲಿ ನಿಧಾನವಾಗಿ ಸಾಗಿ ಬರಬೇಕು. ಕೊಡುವುದರಲ್ಲಿ ಇದು ಎಂದೂ ಬರಡಾಗಿರಲಿಲ್ಲ. ಎರಡು ಸಾವಿರ ವರ್ಷ ಚಿನ್ನವನ್ನು ಕೊಟ್ಟಿತು, ಮರೆತ ಹೆಸರನ್ನು ಕಾದಿಟ್ಟು ಕೊಟ್ಟಿತು, ನೀರು ಬಂದೊಡನೆ ಭತ್ತವನ್ನು ಕೊಟ್ಟಿತು. ಕೊರತೆಯಿರುವುದು ಪಡೆಯುವ ನಮ್ಮ ಕೈಯ ಹದದಲ್ಲಿ. ಎಷ್ಟು ಪಡೆಯಬೇಕು, ಎಲ್ಲಿಗೆ ನಿಲ್ಲಿಸಬೇಕು, ಯಾರಿಗೆ ಎಷ್ಟು ಉಳಿಸಬೇಕು ಎಂಬುದನ್ನು ಕಲಿಸಲು ಇಲ್ಲಿಯೇ ಒಬ್ಬ ಚಕ್ರವರ್ತಿಯಿದ್ದಾನೆ, ಅಕ್ಕಿ ಆಯುವ ಒಬ್ಬ ತಾಯಿಯಿದ್ದಾಳೆ, ವರ್ಷಕ್ಕೆರಡು ಮರಿ ತೋಳಕ್ಕೆ ಬಿಡುವ ಕುರಿಗಾಹಿಯಿದ್ದಾನೆ. ಈ ಮೂವರಲ್ಲಿ ದೊಡ್ಡವರಾರು, ಸಣ್ಣವರಾರು ಎಂದು ಕೇಳಿದರೆ ಮಸ್ಕಿಯ ಬಂಡೆ ಮೊದಲೇ ಉತ್ತರ ಹೇಳಿಬಿಟ್ಟಿದೆ.