ಬಟ್ಟೆಯ ಹುಟ್ಟು, ಬಾಳು, ಮರುಹುಟ್ಟು

ಅಂಗಿ ಕೊಳ್ಳುವಾಗ ನಾವು ಬಣ್ಣ ನೋಡುತ್ತೇವೆ, ಬೆಲೆ ಕೇಳುತ್ತೇವೆ. ಹರಿದ ಮೇಲೆ ಅದರ ಗತಿ ಏನೆಂದು ಯಾರೂ ಕೇಳುವುದಿಲ್ಲ. ಆದರೆ ಆ ಗತಿಯು ಗಿರಣಿಯಲ್ಲಿ ನೂಲು ತೆಗೆಯುವ ದಿನವೇ ಬಹುಮಟ್ಟಿಗೆ ನಿಶ್ಚಯವಾಗಿರುತ್ತದೆ. ಅದು ಹೇಗೆಂಬುದನ್ನು ತಿಳಿಯೋಣ.

ಗಿರಣಿಯ ಲೆಕ್ಕದಲ್ಲಿ ‘ವೇಸ್ಟ್’ ಎಂಬ ಬಾಬು ಉಂಟು. ಅದೆಲ್ಲವೂ ಕಸವಲ್ಲ. ನಯವಾದ ನೂಲಿಗಾಗಿ ಹತ್ತಿಯನ್ನು ಕೋಂಬರ್ ಯಂತ್ರದಲ್ಲಿ ಬಾಚುವಾಗ 100 ಕಿಲೋಗೆ ಸಾಮಾನ್ಯವಾಗಿ 10ರಿಂದ 20 ಕಿಲೋ ಗಿಡ್ಡ ಎಳೆ ಬೇರೆಯಾಗುತ್ತದೆ. ಅದರಿಂದ ದಪ್ಪ ನೂಲು ತೆಗೆಯುತ್ತಾರೆ. ನೋಟಿನ ಕಾಗದಕ್ಕೂ ಅದು ಒದಗುತ್ತದೆ. ನಮ್ಮ ಜೇಬಿನಲ್ಲಿರುವ ನೋಟು ಹತ್ತಿಯ ಕಾಗದದ್ದೇ. ಅಂಥ ಕಾಗದದ ಕಾರ್ಖಾನೆಯೊಂದು ನಮ್ಮ ಮೈಸೂರಿನಲ್ಲಿದೆ.

ಉಟ್ಟು ಹಳತಾದ ಬಟ್ಟೆಗೂ ದಾರಿಯಿದೆ. 1813ರ ಸುಮಾರಿಗೆ ಇಂಗ್ಲೆಂಡಿನ ಬ್ಯಾಟ್ಲಿಯಲ್ಲಿ ಬೆಂಜಮಿನ್ ಲಾ ಎಂಬಾತನು ಉಣ್ಣೆಯ ಚಿಂದಿಯನ್ನು ಸಿಗಿದು, ಹೊಸ ಉಣ್ಣೆ ಬೆರೆಸಿ, ಮತ್ತೆ ನೂಲು ತೆಗೆದನು. ಈಗ ಹರಿಯಾಣದ ಪಾಣಿಪತ್ತು ಈ ಕಸುಬಿಗೆ ಹೆಸರಾಗಿದೆ. ಅಲ್ಲಿ ಗುಂಡಿ, ಜಿಪ್ಪುಗಳನ್ನು ಕತ್ತರಿಸಿ ತೆಗೆದು, ಬಟ್ಟೆಯನ್ನು ಬಣ್ಣದ ಪ್ರಕಾರ ವಿಂಗಡಿಸಿ, ಹಲ್ಲಿನ ಯಂತ್ರಕ್ಕೆ ಕೊಟ್ಟು ಎಳೆ ಬಿಡಿಸುತ್ತಾರೆ. ಕೆಂಪು ಚಿಂದಿಯಿಂದ ಕೆಂಪು ನೂಲೇ ಬರುವುದರಿಂದ ಬಣ್ಣದ ಖರ್ಚೂ ನೀರೂ ಉಳಿಯುತ್ತವೆ. ಆ ನೂಲು ಕಂಬಳಿಯಾಗುತ್ತದೆ.

ತೊಡಕುಗಳು ಎರಡು. ಸಿಗಿದಾಗ ಎಳೆ ಗಿಡ್ಡವಾಗುತ್ತದೆ. ಆದುದರಿಂದ ಹಳೆ ಅಂಗಿಯಿಂದ ಅಂಥದೇ ಹೊಸ ಅಂಗಿ ಸುಲಭವಾಗಿ ಬಾರದು. ಇನ್ನೊಂದು, ಹತ್ತಿಯೂ ಪಾಲಿಯೆಸ್ಟರೂ ಒಂದೇ ನೂಲಿನಲ್ಲಿ ಬೆರೆತ ಮೇಲೆ ಅವನ್ನು ಬೇರ್ಪಡಿಸುವುದು ಕಷ್ಟ, ಖರ್ಚಿನ ಕೆಲಸ. ಹಾಗೆಂದು ಬೆರಕೆ ಬಟ್ಟೆಯನ್ನು ಹಳಿಯಬೇಕಾಗಿಲ್ಲ. ಅದು ಬೇಗ ಒಣಗುತ್ತದೆ, ಬೇಗ ಸವೆಯದು. ಬಹುಕಾಲ ಬಾಳುವುದೂ ಉಳಿತಾಯವೇ. ಆದರೆ ತಯಾರಿಸುವವನು ಕೊನೆಯನ್ನು ಮೊದಲೇ ಯೋಚಿಸಬೇಕು. ಬೆರಕೆ ಅಗತ್ಯವೇ? ಹೊಲಿಗೆಯ ದಾರ ಯಾವುದು? ಗುಂಡಿ ಸುಲಭವಾಗಿ ಬಿಚ್ಚೀತೇ? ಯಾವ ನೂಲು ಎಷ್ಟು ಪಾಲು ಎಂಬ ಚೀಟಿ ಬಟ್ಟೆಯಲ್ಲಿ ಉಂಟೇ? ಇಷ್ಟನ್ನು ಆಗ ನೋಡದಿದ್ದರೆ ಮುಂದೆ ಚಿಂದಿ ಆರಿಸುವವನ ಶ್ರಮ ವ್ಯರ್ಥ, ಬಟ್ಟೆ ಕಸದ ಗುಡ್ಡೆಯ ಪಾಲು.

ವಾಚಕ ಬಂಧುಗಳು ಮಾಡಬಹುದಾದುದೂ ಇದೆ. ಹರಿದರೆ ಮೊದಲು ಹೊಲಿಸಿರಿ. ಹಳೆ ಸೀರೆಗಳನ್ನು ಕೌದಿಯಾಗಿಸುವ ನಮ್ಮ ಊರ ತಾಯಂದಿರಿಗೆ ಈ ವಿದ್ಯೆ ಹೊಸದಲ್ಲ. ಹಳೆ ಬಟ್ಟೆಗೆ ಪಾತ್ರೆ ಕೊಡುವವರು ಬಂದಾಗ ಒಗೆದು ಒಣಗಿಸಿದ್ದನ್ನೇ ಕೊಡಿರಿ. ಹಸಿಯಾಗಿ ಬೂಷ್ಟು ಹಿಡಿದದ್ದು ಯಾವ ಕೆಲಸಕ್ಕೂ ಬಾರದು. ಒಳಗಿನ ಚೀಟಿಯನ್ನು ಕತ್ತರಿಸಬೇಡಿರಿ. ವಿಂಗಡಿಸುವವನಿಗೆ ಅದೇ ಗುರುತು.