ಸದಸ್ಯ ಸಲಕರಣೆಗಳು (ವಿಕಿಪೀಡಿಯ)

ಸದಸ್ಯ ಸಲಕರಣೆಗಳು ಎಂದರೆ ವಿಕಿಪೀಡಿಯ ಹಾಗೂ ಅದೇ ಮಾದರಿಯ ಸಮುದಾಯ ಬರವಣಿಗೆಯ ತಾಣಗಳಲ್ಲಿ ನೋಂದಾಯಿತ ಸದಸ್ಯರು ಲೇಖನಗಳನ್ನು ಬರೆಯಲು, ತಿದ್ದಲು, ಇತರರು ಮಾಡಿದ ಬದಲಾವಣೆಗಳನ್ನು ಗಮನಿಸಲು ಮತ್ತು ಪರಸ್ಪರ ಚರ್ಚಿಸಲು ಬಳಸುವ ಸೌಲಭ್ಯಗಳು. ಪುಟದ ಇತಿಹಾಸ, ಆವೃತ್ತಿಗಳ ವ್ಯತ್ಯಾಸ, ವೀಕ್ಷಣಾಪಟ್ಟಿ, ಚರ್ಚಾಪುಟ, ಪ್ರಯೋಗಪುಟ ಮತ್ತು ಅನುವಾದ ಸಲಕರಣೆ ಇವುಗಳಲ್ಲಿ ಮುಖ್ಯವಾದವು. ಮುದ್ರಿತ ವಿಶ್ವಕೋಶದಲ್ಲಿ ಪ್ರಕಟಣೆಗೆ ಮುನ್ನ ಸಂಪಾದಕರು ಬರಹವನ್ನು ಪರಿಶೀಲಿಸುತ್ತಾರೆ. ವಿಕಿಪೀಡಿಯದ ಬಹುಪಾಲು ಭಾಷಾ ಆವೃತ್ತಿಗಳಲ್ಲಿ ಬರಹವು ಉಳಿಸಿದ ಕ್ಷಣದಲ್ಲೇ ಪ್ರಕಟವಾಗುತ್ತದೆ, ಪರಿಶೀಲನೆ ಆಮೇಲೆ ನಡೆಯುತ್ತದೆ. ಜರ್ಮನ್ ಆವೃತ್ತಿಯು ಇದಕ್ಕೊಂದು ಅಪವಾದ. ಅಲ್ಲಿ ಹೊಸಬರ ತಿದ್ದುಪಡಿಗಳನ್ನು ಅನುಭವಿ ಸದಸ್ಯರೊಬ್ಬರು ನೋಡಿದ ನಂತರವೇ ಸಾಮಾನ್ಯ ಓದುಗರಿಗೆ ತೋರಿಸುವ ವ್ಯವಸ್ಥೆಯು 2008ರಿಂದ ಜಾರಿಯಲ್ಲಿದೆ. ಉಳಿದೆಡೆ ಲೇಖನದ ವಿಶ್ವಾಸಾರ್ಹತೆಯು ಸದಸ್ಯರು ಈ ಸಲಕರಣೆಗಳನ್ನು ಎಷ್ಟರ ಮಟ್ಟಿಗೆ ಬಳಸುತ್ತಾರೆ ಎಂಬುದನ್ನೇ ಅವಲಂಬಿಸಿದೆ.

ಹಿನ್ನೆಲೆ

ಮೊದಲ ವಿಕಿ ತಾಣವಾದ ‘ವಿಕಿವಿಕಿವೆಬ್’ ಅನ್ನು ಅಮೆರಿಕದ ತಂತ್ರಾಂಶ ತಜ್ಞ ವಾರ್ಡ್ ಕನ್ನಿಂಗ್‌ಹ್ಯಾಮ್ 1995ರ ಮಾರ್ಚ್ 25ರಂದು ಆರಂಭಿಸಿದರು. ಹವಾಯಿ ಭಾಷೆಯಲ್ಲಿ ‘ವಿಕಿ’ ಎಂದರೆ ‘ಬೇಗ’ ಎಂದರ್ಥ. ಆ ತಾಣದಲ್ಲಿ ಸದಸ್ಯರು ಪರಸ್ಪರರ ಕೆಲಸವನ್ನು ತಿಳಿಯಲು ಮುಖ್ಯವಾಗಿ ಇತ್ತೀಚಿನ ಬದಲಾವಣೆಗಳ ಪಟ್ಟಿಯನ್ನು ನೋಡುತ್ತಿದ್ದರು.

2001ರ ಜನವರಿ 15ರಂದು ಆರಂಭವಾದ ವಿಕಿಪೀಡಿಯವು ಮೊದಲ ಒಂದು ವರ್ಷ ‘ಯೂಸ್‌ಮಾಡ್‌ವಿಕಿ’ ಎಂಬ ಸರಳ ತಂತ್ರಾಂಶದ ಮೇಲೆ ನಡೆಯಿತು. ಆ ತಂತ್ರಾಂಶವು ಹಳೆಯ ಆವೃತ್ತಿಗಳನ್ನು ಶಾಶ್ವತವಾಗಿ ಕಾಪಾಡುತ್ತಿರಲಿಲ್ಲ. ಹೀಗಾಗಿ ವಿಶ್ವಕೋಶದ ಮೊದಲ ತಿಂಗಳುಗಳ ಅನೇಕ ಸಂಪಾದನೆಗಳು ಕಳೆದುಹೋದವೆಂದೇ ಬಹುಕಾಲ ಭಾವಿಸಲಾಗಿತ್ತು. 2010ರ ಡಿಸೆಂಬರಿನಲ್ಲಿ ತಂತ್ರಾಂಶ ಅಭಿವರ್ಧಕ ಟಿಮ್ ಸ್ಟಾರ್ಲಿಂಗ್ ಅವರಿಗೆ ಹಳೆಯ ಕಡತಗಳ ಪ್ರತಿಯೊಂದು ದೊರೆತ ಮೇಲೆ ಅವುಗಳಲ್ಲಿ ಬಹಳಷ್ಟು ಬೆಳಕಿಗೆ ಬಂದವು. 2002ರಲ್ಲಿ ಮ್ಯಾಗ್ನಸ್ ಮಾನ್ಸ್ಕೆ, ಅನಂತರ ಲೀ ಡೇನಿಯಲ್ ಕ್ರಾಕರ್ ಬರೆದ ತಂತ್ರಾಂಶವು ಮುಂದೆ ‘ಮೀಡಿಯಾವಿಕಿ’ ಎಂಬ ಹೆಸರು ಪಡೆಯಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ ಇದನ್ನೇ ಬಳಸುತ್ತದೆ.

ಖಾತೆ, ಸದಸ್ಯರ ಪುಟ ಮತ್ತು ಪ್ರಯೋಗಪುಟ

ಸದಸ್ಯರಾಗಲು ಒಂದು ಬಳಕೆಯ ಹೆಸರು ಮತ್ತು ಗುಪ್ತಪದ ಸಾಕು. ನಿಜನಾಮವಾಗಲಿ ಮಿಂಚಂಚೆ ವಿಳಾಸವಾಗಲಿ ಕಡ್ಡಾಯವಲ್ಲ. ಆದರೆ ಮಿಂಚಂಚೆ ಕೊಡದವರು ಗುಪ್ತಪದವನ್ನು ಮರೆತರೆ ಖಾತೆಯನ್ನು ಮರಳಿ ಪಡೆಯುವುದು ಕಷ್ಟ. ಒಂದೇ ಖಾತೆಯು ಎಲ್ಲ ಭಾಷೆಗಳ ವಿಕಿಪೀಡಿಯಗಳಲ್ಲೂ ಸೋದರ ಯೋಜನೆಗಳಲ್ಲೂ ನಡೆಯುತ್ತದೆ. ಈ ಏಕೀಕರಣವು 2015ರಲ್ಲಿ ಪೂರ್ಣಗೊಂಡಿತು.

ಖಾತೆಯಿಲ್ಲದೆ ಬರೆದರೆ ಗುರುತು ಮರೆಯಾಗಿರುತ್ತದೆ ಎಂಬ ನಂಬಿಕೆ ಸಾಮಾನ್ಯವಾಗಿದೆ. ವಾಸ್ತವವು ಬಹುಕಾಲ ಇದಕ್ಕೆ ವಿರುದ್ಧವಾಗಿತ್ತು. ಲಾಗಿನ್ ಆಗದೆ ಮಾಡಿದ ಸಂಪಾದನೆಯ ಜೊತೆಗೆ ಆ ಗಣಕದ ಐಪಿ ವಿಳಾಸವೇ ಎಲ್ಲರಿಗೂ ಕಾಣುವಂತೆ ದಾಖಲಾಗುತ್ತಿತ್ತು. ಖಾತೆ ಉಳ್ಳವರ ಐಪಿ ವಿಳಾಸವು ಇತರ ಸದಸ್ಯರಿಗೆ ಕಾಣುತ್ತಿರಲಿಲ್ಲ. ಈಚಿನ ವರ್ಷಗಳಲ್ಲಿ ಐಪಿ ವಿಳಾಸದ ಬದಲು ತಾತ್ಕಾಲಿಕ ಖಾತೆಯ ಹೆಸರನ್ನು ತೋರಿಸುವ ಪದ್ಧತಿಯು ಹಂತಹಂತವಾಗಿ ಜಾರಿಗೆ ಬಂದಿದೆ.

ಪ್ರತಿಯೊಬ್ಬ ಸದಸ್ಯರಿಗೂ ಒಂದು ಸದಸ್ಯ ಪುಟ, ಒಂದು ಚರ್ಚಾಪುಟ ಮತ್ತು ಬೇಕೆನಿಸಿದರೆ ಪ್ರಯೋಗಪುಟ ಇರುತ್ತವೆ. ಲೇಖನದ ಕರಡನ್ನು ಸಿದ್ಧಪಡಿಸಲು ಪ್ರಯೋಗಪುಟವೇ ಸೂಕ್ತ ಸ್ಥಳ. ಕರ್ನಾಟಕದ ಕೆಲವು ಕಾಲೇಜುಗಳಲ್ಲಿ ವಿದ್ಯಾರ್ಥಿಗಳಿಂದ ವಿಕಿಪೀಡಿಯ ಲೇಖನಗಳನ್ನು ಬರೆಸುವಾಗಲೂ ಮೊದಲು ಇಲ್ಲಿಯೇ ಬರೆಸುವುದು ರೂಢಿ. ಆದರೆ ಪ್ರಯೋಗಪುಟವು ಖಾಸಗಿ ಟಿಪ್ಪಣಿ ಪುಸ್ತಕವಲ್ಲ. ಅದನ್ನು ಯಾರು ಬೇಕಾದರೂ ಓದಬಹುದು, ಅದರ ಇತಿಹಾಸವೂ ದಾಖಲಾಗುತ್ತದೆ, ಕೃತಿಸ್ವಾಮ್ಯದ ನಿಯಮಗಳು ಅಲ್ಲಿಗೂ ಅನ್ವಯಿಸುತ್ತವೆ.

ಪುಟದ ಇತಿಹಾಸ

ಎಲ್ಲ ಸಲಕರಣೆಗಳ ಬುನಾದಿ ಪುಟದ ಇತಿಹಾಸ. ಲೇಖನದ ಪ್ರತಿಯೊಂದು ಆವೃತ್ತಿಯೂ ದಿನಾಂಕ, ವೇಳೆ, ಸದಸ್ಯರ ಹೆಸರು, ಸಂಪಾದನೆಯ ಸಾರಾಂಶ ಮತ್ತು ಗಾತ್ರದ ಏರಿಳಿತಗಳೊಂದಿಗೆ ಇಲ್ಲಿ ಉಳಿಯುತ್ತದೆ. ಇದರ ಪ್ರಯೋಜನ ತಪ್ಪು ಹಿಡಿಯುವುದಕ್ಕೆ ಮಾತ್ರ ಸೀಮಿತವಲ್ಲ. ವಿಕಿಪೀಡಿಯದ ಬರಹವು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಅಡಿಯಲ್ಲಿ ಬಿಡುಗಡೆಯಾಗುತ್ತದೆ. ಲೇಖಕರಿಗೆ ಮನ್ನಣೆ ಸಲ್ಲಿಸಬೇಕೆಂಬುದು ಅದರ ಷರತ್ತು. ಲೇಖನದ ಮೇಲೆ ಯಾರ ಹೆಸರೂ ಇಲ್ಲದಿರುವುದರಿಂದ ಇತಿಹಾಸದ ಪುಟವೇ ಲೇಖಕರ ಪಟ್ಟಿ. ಶೀರ್ಷಿಕೆಯನ್ನು ಬದಲಿಸಬೇಕಾದಾಗ ಪಠ್ಯವನ್ನು ನಕಲು ಮಾಡಿ ಹೊಸ ಪುಟದಲ್ಲಿ ಅಂಟಿಸುವುದನ್ನು ಈ ಕಾರಣದಿಂದಲೇ ತಪ್ಪೆಂದು ಪರಿಗಣಿಸಲಾಗುತ್ತದೆ. ಹಾಗೆ ಮಾಡಿದರೆ ಬರೆದವರ ಹೆಸರುಗಳೆಲ್ಲ ಹಳೆಯ ಪುಟದಲ್ಲೇ ಉಳಿದು, ಅಂಟಿಸಿದವರೊಬ್ಬರೇ ಲೇಖಕರೆಂಬಂತೆ ತೋರುತ್ತದೆ. ಸ್ಥಳಾಂತರಿಸುವ ಸಲಕರಣೆಯನ್ನು ಬಳಸಿದರೆ ಇತಿಹಾಸವು ಪುಟದೊಡನೆಯೇ ಸಾಗುತ್ತದೆ.

ಯಾವುದೇ ಎರಡು ಆವೃತ್ತಿಗಳನ್ನು ಆರಿಸಿಕೊಂಡರೆ ತಂತ್ರಾಂಶವು ಅವುಗಳ ವ್ಯತ್ಯಾಸವನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸುತ್ತದೆ. ಇತಿಹಾಸದ ಪಟ್ಟಿಯಲ್ಲಿ ಪ್ರತಿ ಸಂಪಾದನೆಯ ಮುಂದೆ ಕಾಣುವ ಕೂಡು ಅಥವಾ ಕಳೆ ಚಿಹ್ನೆಯ ಸಂಖ್ಯೆಯು ಬೈಟ್‌ಗಳ ಲೆಕ್ಕವೇ ಹೊರತು ಅಕ್ಷರಗಳ ಲೆಕ್ಕವಲ್ಲ. ಯೂನಿಕೋಡ್‌ನ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್‌ಗಳು ಬೇಕು. ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರಕ್ಕೆ ಬೇಕಾದ ವಿರಾಮ ಚಿಹ್ನೆಯೂ ಸೇರಿ ಐದು ಸಂಕೇತಗಳಿರುವುದರಿಂದ ಅದೊಂದೇ ಪದವು 15 ಬೈಟ್‌ಗಳಾಗುತ್ತದೆ. ಆದ್ದರಿಂದ ಕನ್ನಡದ ಪುಟದಲ್ಲಿ ಕಾಣುವ ನೂರಿನ ಏರಿಕೆಯು ಹಲವೊಮ್ಮೆ ಒಂದು ಸಣ್ಣ ವಾಕ್ಯಕ್ಕಿಂತ ಹೆಚ್ಚೇನೂ ಆಗಿರುವುದಿಲ್ಲ. 1905 ಎಂಬುದನ್ನು ಕನ್ನಡ ಅಂಕಿಗಳಲ್ಲಿ ೧೯೦೫ ಎಂದು ಬದಲಿಸಿದರೂ ಪಟ್ಟಿಯಲ್ಲಿ 8 ಬೈಟ್‌ಗಳ ಏರಿಕೆ ಕಾಣುತ್ತದೆ, ಅರ್ಥ ಮಾತ್ರ ಎಳ್ಳಷ್ಟೂ ಬದಲಾಗಿರುವುದಿಲ್ಲ.

ಇದಕ್ಕೆ ವಿರುದ್ಧವಾದುದು ಹೆಚ್ಚು ಅಪಾಯಕಾರಿ. 1905ನ್ನು 1950 ಎಂದು ತಿದ್ದಿದರೆ ಗಾತ್ರದ ವ್ಯತ್ಯಾಸ ಸೊನ್ನೆ. ಅರ್ಧ ಲೇಖನವನ್ನು ಅಳಿಸಿದರೆ ದೊಡ್ಡ ಕಳೆ ಸಂಖ್ಯೆಯು ಎಲ್ಲರ ಕಣ್ಣಿಗೂ ಬೀಳುತ್ತದೆ. ಅಂಕಿಯೊಂದನ್ನು ತಿರುಚಿದ ಸಂಪಾದನೆಯನ್ನು ಯಾರೂ ತೆರೆದು ನೋಡದೆ ಹೋಗಬಹುದು. ಆ ಇಸವಿಯು ಪರೀಕ್ಷೆಗೆ ಓದುವ ವಿದ್ಯಾರ್ಥಿಯ ಟಿಪ್ಪಣಿಗೂ ಪತ್ರಿಕಾ ಬರಹಕ್ಕೂ ಸಾಗಬಹುದು. ಅನುಭವಿ ಸದಸ್ಯರು ಸೊನ್ನೆಯ ಆಸುಪಾಸಿನ ಬದಲಾವಣೆಗಳನ್ನು, ಅದರಲ್ಲೂ ಸಾರಾಂಶವಿಲ್ಲದವುಗಳನ್ನು, ತೆರೆದೇ ನೋಡುವುದು ಇದರಿಂದಾಗಿಯೇ. ಸಾರಾಂಶದ ಪೆಟ್ಟಿಗೆಯಲ್ಲಿ ‘ಗೆಜೆಟಿಯರ್ ಆಧರಿಸಿ ಇಸವಿ ತಿದ್ದಿದೆ’ ಎಂಬಂತಹ ನಾಲ್ಕು ಪದಗಳನ್ನು ಬರೆಯುವ ಸದಸ್ಯರು ಇನ್ನೊಬ್ಬರ ಸಾಕಷ್ಟು ಸಮಯವನ್ನು ಉಳಿಸುತ್ತಾರೆ.

ವೀಕ್ಷಣಾಪಟ್ಟಿ

ಪುಟದ ಮೇಲಿರುವ ನಕ್ಷತ್ರದ ಗುರುತನ್ನು ಒತ್ತಿದರೆ ಆ ಪುಟವು ಸದಸ್ಯರ ವೀಕ್ಷಣಾಪಟ್ಟಿಗೆ ಸೇರುತ್ತದೆ. ಆ ಬಳಿಕ ಅಲ್ಲಿ ಅಥವಾ ಅದರ ಚರ್ಚಾಪುಟದಲ್ಲಿ ನಡೆಯುವ ಬದಲಾವಣೆಗಳು ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತವೆ. ಸದಸ್ಯರ ಸಂಪಾದನೆಗಳ ಪಟ್ಟಿಯು ಎಲ್ಲರಿಗೂ ತೆರೆದಿದ್ದರೆ, ವೀಕ್ಷಣಾಪಟ್ಟಿಯು ಆ ಸದಸ್ಯರಿಗೆ ಮಾತ್ರ ಕಾಣುತ್ತದೆ.

ಈ ಪಟ್ಟಿಯ ಮಹತ್ವವನ್ನು ತೋರಿಸಲು ಸಾಮಾನ್ಯವಾಗಿ ಉಲ್ಲೇಖಿಸುವ ಘಟನೆಯು ಅಮೆರಿಕದ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರಿಗೆ ಸಂಬಂಧಿಸಿದ್ದು. 2005ರ ಮೇ 26ರಂದು ಅನಾಮಧೇಯರೊಬ್ಬರು ಇಂಗ್ಲಿಷ್ ವಿಕಿಪೀಡಿಯದಲ್ಲಿ ಅವರ ಬಗ್ಗೆ ಪುಟವೊಂದನ್ನು ಸೃಷ್ಟಿಸಿ, ಜಾನ್ ಕೆನಡಿ ಮತ್ತು ರಾಬರ್ಟ್ ಕೆನಡಿಯವರ ಹತ್ಯೆಗಳಲ್ಲಿ ಅವರ ಕೈವಾಡದ ಶಂಕೆಯಿತ್ತೆಂದು ಬರೆದರು. ಸೀಗೆಂಥಾಲರ್ ವಾಸ್ತವವಾಗಿ ರಾಬರ್ಟ್ ಕೆನಡಿಯವರ ಸಹಾಯಕರಾಗಿದ್ದವರು, ಅವರ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು. ಮೂರು ದಿನಗಳ ನಂತರ ಆ ಪುಟಕ್ಕೆ ಬಂದ ಸದಸ್ಯರೊಬ್ಬರು ಒಂದು ಪದದ ಕಾಗುಣಿತವನ್ನಷ್ಟೇ ತಿದ್ದಿ ಮುಂದೆ ಸಾಗಿದರು. ಸುಳ್ಳು ಸುಮಾರು ನಾಲ್ಕು ತಿಂಗಳು ಹಾಗೆಯೇ ಉಳಿಯಿತು. ಸೀಗೆಂಥಾಲರ್ 2005ರ ನವೆಂಬರ್ 29ರಂದು ‘ಯುಎಸ್‌ಎ ಟುಡೇ’ ಪತ್ರಿಕೆಯಲ್ಲಿ ಈ ಬಗ್ಗೆ ಲೇಖನ ಬರೆದ ಮೇಲೆ ಇದು ದೊಡ್ಡ ವಿವಾದವಾಯಿತು. ಮರುತಿಂಗಳೇ ಇಂಗ್ಲಿಷ್ ವಿಕಿಪೀಡಿಯದಲ್ಲಿ ಹೊಸ ಲೇಖನಗಳ ಸೃಷ್ಟಿಯನ್ನು ನೋಂದಾಯಿತ ಸದಸ್ಯರಿಗೆ ಸೀಮಿತಗೊಳಿಸಲಾಯಿತು.

ಇತಿಹಾಸದ ಪುಟವು ಎಲ್ಲವನ್ನೂ ದಾಖಲಿಸಿತ್ತು. ಕೊರತೆಯಿದ್ದುದು ಗಮನವಿಟ್ಟು ಓದುವವರದು. ವೀಕ್ಷಣಾಪಟ್ಟಿ ಇದ್ದರೂ ಇಂತಹ ತಪ್ಪು ನುಸುಳಲು ಅದರ ರಚನೆಯಲ್ಲೇ ಒಂದು ದಾರಿಯಿದೆ. ಸದಸ್ಯರು ಆಯ್ಕೆಯನ್ನು ಬದಲಿಸದಿದ್ದರೆ ಪಟ್ಟಿಯು ಪ್ರತಿ ಪುಟದ ಕೊನೆಯ ಬದಲಾವಣೆಯನ್ನು ಮಾತ್ರ ತೋರಿಸುತ್ತದೆ. ಬೆಳಿಗ್ಗೆ ಯಾರೋ ಸುಳ್ಳೊಂದನ್ನು ಸೇರಿಸಿ, ಮಧ್ಯಾಹ್ನ ಬಾಟ್ ಒಂದು ಅಲ್ಪವಿರಾಮವನ್ನು ಸರಿಪಡಿಸಿದರೆ, ಸಂಜೆ ಪಟ್ಟಿ ನೋಡುವವರಿಗೆ ಬಾಟ್‌ನ ನಿರುಪದ್ರವಿ ಸಂಪಾದನೆಯಷ್ಟೇ ಕಾಣುತ್ತದೆ. ಆಯ್ಕೆಗಳ ಪುಟದಲ್ಲಿ ಎಲ್ಲ ಬದಲಾವಣೆಗಳನ್ನೂ ತೋರಿಸುವಂತೆ ಸೂಚಿಸಿದರೆ ಈ ತೊಂದರೆ ನೀಗುತ್ತದೆ. ‘ಚು’ ಎಂಬ ಗುರುತುಳ್ಳ ಚುಟುಕು ಬದಲಾವಣೆಗಳನ್ನು ಮರೆಮಾಡುವುದೂ ಅಷ್ಟು ಕ್ಷೇಮವಲ್ಲ. ಆ ಗುರುತನ್ನು ಹಾಕುವುದು ಸಂಪಾದನೆ ಮಾಡಿದವರೇ, ಅದು ನಿಜಕ್ಕೂ ಚುಟುಕಾಗಿದೆಯೇ ಎಂಬುದನ್ನು ತಂತ್ರಾಂಶ ಪರೀಕ್ಷಿಸುವುದಿಲ್ಲ. ಪಟ್ಟಿಯು 30 ದಿನಗಳಿಗಿಂತ ಹಿಂದಿನ ಬದಲಾವಣೆಗಳನ್ನು ತೋರಿಸದಿರುವುದರಿಂದ ದೀರ್ಘ ಬಿಡುವಿನ ನಂತರ ಮರಳಿದವರು ಮುಖ್ಯ ಪುಟಗಳ ಇತಿಹಾಸವನ್ನೇ ತೆರೆದು ನೋಡಬೇಕಾಗುತ್ತದೆ.

ಪುಟವೊಂದನ್ನು ಎಷ್ಟು ಮಂದಿ ವೀಕ್ಷಿಸುತ್ತಿದ್ದಾರೆ ಎಂಬುದು ಪುಟದ ಮಾಹಿತಿಯಲ್ಲಿ ಸಿಗುತ್ತದೆಯಾದರೂ ಸಂಖ್ಯೆಯು 30ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯ ಸದಸ್ಯರಿಗೆ ಅದು ಗೋಚರಿಸುವುದಿಲ್ಲ. ಯಾರ ವೀಕ್ಷಣೆಯೂ ಇಲ್ಲದ ಪುಟಗಳ ಪಟ್ಟಿಯು ನಿರ್ವಾಹಕರಿಗೆ ಮಾತ್ರ ಲಭ್ಯ. ಕಾವಲಿಲ್ಲದ ಪುಟ ಯಾವುದೆಂದು ಕಿಡಿಗೇಡಿಗಳಿಗೆ ತಿಳಿಯಬಾರದೆಂಬುದು ಇದರ ಉದ್ದೇಶ.

ರದ್ದುಗೊಳಿಸುವಿಕೆ ಮತ್ತು ಚರ್ಚೆ

ತಪ್ಪು ಸಂಪಾದನೆಯನ್ನು ಸದಸ್ಯರು ರದ್ದುಗೊಳಿಸಬಹುದು. ನಡುವೆ ಅದೇ ಸಾಲುಗಳನ್ನು ಬೇರೆಯವರು ತಿದ್ದಿದ್ದರೆ ರದ್ದತಿಯು ಸಾಧ್ಯವಾಗದೆ, ಕೈಯಾರೆ ಸರಿಪಡಿಸಬೇಕಾಗುತ್ತದೆ. ಒಬ್ಬರೇ ಸತತವಾಗಿ ಮಾಡಿದ ಹಲವು ಸಂಪಾದನೆಗಳನ್ನು ಒಂದೇ ಒತ್ತಿನಲ್ಲಿ ಹಿಂದಕ್ಕೆ ತರುವ ಅಧಿಕಾರವು ನಿರ್ವಾಹಕರಿಗೂ ಅನುಮತಿ ಪಡೆದ ಕೆಲವರಿಗೂ ಇರುತ್ತದೆ. ಸ್ಪಷ್ಟ ವಿಧ್ವಂಸಕ ಬದಲಾವಣೆಗಳಿಗೆ ಮಾತ್ರ ಅದನ್ನು ಬಳಸಬೇಕೆಂಬುದು ರೂಢಿ. ಸದುದ್ದೇಶದಿಂದ ಬರೆದ ಹೊಸಬರ ವಾಕ್ಯವನ್ನು ಕಾರಣ ತಿಳಿಸದೆ ಅಳಿಸಿದರೆ ಅವರು ಮತ್ತೆ ಬರೆಯದೆ ಹೋಗುವ ಸಂಭವವೇ ಹೆಚ್ಚು. ಭಿನ್ನಾಭಿಪ್ರಾಯವಿದ್ದಾಗ ಸ್ಪರ್ಧೆಗೆ ಬಿದ್ದಂತೆ ರದ್ದುಗೊಳಿಸುತ್ತ ಹೋಗುವುದನ್ನು ‘ಸಂಪಾದನಾ ಸಮರ’ ಎನ್ನುತ್ತಾರೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದೇ ಪುಟದಲ್ಲಿ 24 ಗಂಟೆಗಳೊಳಗೆ ಮೂರಕ್ಕಿಂತ ಹೆಚ್ಚು ಬಾರಿ ಹೀಗೆ ಮಾಡಿದವರನ್ನು ತಡೆಹಿಡಿಯಬಹುದು.

ಇಂತಹ ವಿಷಯಗಳನ್ನು ಲೇಖನದ ಚರ್ಚಾಪುಟದಲ್ಲಿ ಬಗೆಹರಿಸಿಕೊಳ್ಳಬೇಕು. ಅಲ್ಲಿ ಬರೆದ ಮಾತಿನ ಕೊನೆಗೆ ನಾಲ್ಕು ಅಲೆಗೆರೆಗಳನ್ನು (~~~~) ಹಾಕಿದರೆ ಹೆಸರು ಮತ್ತು ವೇಳೆ ತಾವಾಗಿ ಮೂಡುತ್ತವೆ. ಒಂದು ಲೇಖನಕ್ಕೆ ಸೀಮಿತವಲ್ಲದ ಪ್ರಶ್ನೆಗಳಿಗೆ ಕನ್ನಡ ವಿಕಿಪೀಡಿಯದಲ್ಲಿ ‘ಅರಳಿ ಕಟ್ಟೆ’ ಎಂಬ ಪುಟವಿದೆ.

ಅನುವಾದ ಸಲಕರಣೆ

ಮೂಲ ಲೇಖನವನ್ನೂ ಅನುವಾದವನ್ನೂ ಅಕ್ಕಪಕ್ಕದಲ್ಲಿಟ್ಟು ಬರೆಯಲು ನೆರವಾಗುವ ಸಲಕರಣೆಯು 2015ರಿಂದ ಬಳಕೆಯಲ್ಲಿದೆ. ಇದು ಕೊಂಡಿಗಳನ್ನು ಹೊಂದಿಸುತ್ತದೆ, ಯಾವ ಭಾಷೆಯ ಯಾವ ಆವೃತ್ತಿಯಿಂದ ಅನುವಾದಿಸಲಾಯಿತೆಂಬುದನ್ನು ಸಾರಾಂಶದಲ್ಲಿ ತಾನೇ ದಾಖಲಿಸುತ್ತದೆ. ಯಂತ್ರಾನುವಾದದ ಪಠ್ಯವನ್ನು ತಿದ್ದದೆ ಉಳಿಸಲು ಹೊರಟವರಿಗೆ ಎಚ್ಚರಿಕೆಯನ್ನೂ ನೀಡುತ್ತದೆ. ಆದರೂ ‘1920ರಲ್ಲಿ ಜನಿಸಲ್ಪಟ್ಟನು’ ಎಂಬ ಬಗೆಯ ವಾಕ್ಯಗಳು ಹಲವು ಕನ್ನಡ ಲೇಖನಗಳಲ್ಲಿ ಕಾಣಸಿಗುತ್ತವೆ. ಇಂಗ್ಲಿಷಿನ ಏಕವಚನವು ಕನ್ನಡದಲ್ಲಿ ಹಿರಿಯರನ್ನು ‘ಅವನು’ ಎಂದು ಕರೆಯುವಂತೆ ಮಾಡುವುದು ಇನ್ನೊಂದು ಸಾಮಾನ್ಯ ದೋಷ. ಇವನ್ನು ತಿದ್ದುವುದು ಹೊಸ ಸದಸ್ಯರಿಗೆ ಒಳ್ಳೆಯ ಆರಂಭವೆನಿಸಬಹುದು: ವಿಷಯಜ್ಞಾನ ಹೆಚ್ಚು ಬೇಕಿಲ್ಲ, ಮೂಲದೊಡನೆ ಹೋಲಿಸಿ ಓದುವ ತಾಳ್ಮೆ ಸಾಕು.

ಸಣ್ಣ ವಿಕಿಗಳಲ್ಲಿ ಬಳಕೆ

ಇಂಗ್ಲಿಷ್ ವಿಕಿಪೀಡಿಯದಲ್ಲಿ ವಿಧ್ವಂಸಕ ಸಂಪಾದನೆಗಳನ್ನು ಗುರುತಿಸಿ ಕ್ಷಣಗಳಲ್ಲೇ ಹಿಂದಕ್ಕೆ ತರುವ ಬಾಟ್‌ಗಳಿವೆ. ಸಕ್ರಿಯ ಸದಸ್ಯರು ಕಡಿಮೆಯಿರುವ ಭಾಷೆಗಳಲ್ಲಿ ಈ ಕೆಲಸಕ್ಕೆ ಹೊರಗಿನ ಸ್ವಯಂಸೇವಕರು ನೆರವಾಗುತ್ತಾರೆ. ಸಣ್ಣ ವಿಕಿಗಳ ಮೇಲೆ ಕಣ್ಣಿಡುವ ಅಂತರರಾಷ್ಟ್ರೀಯ ತಂಡವೊಂದು ಹಲವಾರು ಭಾಷೆಗಳ ಇತ್ತೀಚಿನ ಬದಲಾವಣೆಗಳನ್ನು ಗಮನಿಸುತ್ತಿರುತ್ತದೆ. ಪುಟವನ್ನು ಖಾಲಿ ಮಾಡಿದ್ದು, ಜಾಹೀರಾತಿನ ಕೊಂಡಿ ಸೇರಿಸಿದ್ದು, ಇಂಗ್ಲಿಷಿನಲ್ಲಿ ಬೈಗುಳ ಬರೆದದ್ದು ಭಾಷೆ ತಿಳಿಯದ ಅಂತಹ ಸ್ವಯಂಸೇವಕರಿಗೂ ಗೊತ್ತಾಗುತ್ತದೆ. ಕವಿಯೊಬ್ಬರ ಹುಟ್ಟೂರನ್ನು ಬದಲಿಸಿದ್ದು, ಶಾಸನವೊಂದರ ಕಾಲವನ್ನು ನೂರು ವರ್ಷ ಹಿಂದಕ್ಕೆ ತಳ್ಳಿದ್ದು, ಬದುಕಿರುವ ವ್ಯಕ್ತಿಯ ಬಗ್ಗೆ ಅಚ್ಚ ಕನ್ನಡದಲ್ಲೇ ಆರೋಪವೊಂದನ್ನು ಸೇರಿಸಿದ್ದು ಅವರ ಕಣ್ಣಿಗೆ ಬೀಳುವುದು ಕಷ್ಟ. ಅಂತಹ ಬದಲಾವಣೆಯು ಗಮನಕ್ಕೆ ಬರಬೇಕಾದರೆ ಆ ಪುಟವು ಕನ್ನಡ ಓದಬಲ್ಲ ಸದಸ್ಯರೊಬ್ಬರ ವೀಕ್ಷಣಾಪಟ್ಟಿಯಲ್ಲಿ ಇರಬೇಕು, ಇಲ್ಲವೇ ಓದುಗರೊಬ್ಬರು ತಪ್ಪನ್ನು ಕಂಡು ಅದರ ಚರ್ಚಾಪುಟದಲ್ಲಿ ತಿಳಿಸಬೇಕು.